ನೆರಳಿಲ್ಲದ ಮಧ್ಯಾಹ್ನ, ಮೂರು ಊರು

ಮಾನ್ವಿಯ ಅಂಚಿನ ಒಂದು ಸರ್ಕಾರಿ ಶಾಲೆ. ಮೇ 4, ಹನ್ನೆರಡು ಗಂಟೆ ದಾಟಿ ಹತ್ತು ನಿಮಿಷ. ನೆಲದ ಕಾವು ಚಪ್ಪಲಿ ದಾಟಿ ಅಂಗಾಲಿಗೆ ತಾಗುತ್ತಿದೆ. ಬೇಸಿಗೆ ರಜೆಯಾದರೂ ಅಂಗಳದ ತುಂಬ ಮಕ್ಕಳು. ನೀವು ತಲೆಗೆ ಟವೆಲು ಸುತ್ತಿಕೊಂಡು ಅವರ ನಡುವೆ ನಿಂತಿದ್ದೀರಿ. ಎಲ್ಲರ ಕಣ್ಣೂ ಧ್ವಜದ ಕಂಬದ ಬುಡದಲ್ಲಿದೆ.

ಕಂಬದ ಸಿಮೆಂಟ್ ಕಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಎಳೆದ ಗೆರೆಗಳಿವೆ. ಏಪ್ರಿಲ್ ಕೊನೆಯಿಂದ ಪ್ರತಿ ಮಧ್ಯಾಹ್ನ ಮಕ್ಕಳೇ ಬಂದು, ಕಂಬದ ನೆರಳಿನ ತುದಿ ಎಲ್ಲಿದೆಯೋ ಅಲ್ಲಿ ಗೆರೆ ಎಳೆದು ತಾರೀಖು ಬರೆದಿದ್ದಾರೆ. ನೆರಳಿನ ತುದಿ ಮಾಸಲು. ಹಾಗಾಗಿ ಗೆರೆ ಎಲ್ಲಿ ಎಳೆಯಬೇಕೆಂದು ದಿನವೂ ಜಗಳ. ಆದರೂ ಗೆರೆಗಳು ಒಂದೇ ಮಾತು ಹೇಳುತ್ತಿವೆ. ಕಂಬದ ಬಡಗಣ ಮಗ್ಗುಲಲ್ಲಿ ಬೀಳುತ್ತಿದ್ದ ನೆರಳು ದಿನಕ್ಕೆ ಎರಡೂವರೆ ಸೆಂಟಿಮೀಟರಿನಂತೆ ಹಿಂದೆ ಸರಿಯುತ್ತ ಕಂಬದ ಬುಡಕ್ಕೇ ಬಂದಿದೆ.

"ಸೂರ್ಯ ದಿನಾ ಮಧ್ಯಾಹ್ನ ನೆತ್ತಿ ಮ್ಯಾಲ ಬರ್ತಾನಲ್ಲ ಅಕ್ಕಾ, ಇವತ್ತೇನು ಹೊಸದು?" ಏಳನೇ ತರಗತಿಯ ಹುಡುಗನ ಪ್ರಶ್ನೆ.

ಅಕ್ಕ ಎಂದರೆ ರಾಯಚೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುವ ಹುಡುಗಿ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆಂದು ಗೆಳೆಯರ ಜೊತೆ ಬಂದಿದ್ದಾಳೆ. ಅವಳು ಉತ್ತರ ಹೇಳುವುದಿಲ್ಲ. "ಗೆರಿ ಎಣಿಸಿ ನೋಡು ತಮ್ಮಾ. ನಿನ್ನಿ ನೆಳ್ಳು ಎಲ್ಲಿತ್ತು?" ಎಂದು ಕೇಳಿ ಸುಮ್ಮನಾಗುತ್ತಾಳೆ. ಹುಡುಗ ಕೂತು ಎಣಿಸುತ್ತಾನೆ. ನಿನ್ನೆ ನಡು ಮಧ್ಯಾಹ್ನದಲ್ಲೂ ನೆರಳಿತ್ತು, ಮೊನ್ನೆ ಇನ್ನೂ ಉದ್ದವಿತ್ತು. ಅಂದರೆ ಸೂರ್ಯ ದಿನವೂ ನೆತ್ತಿಗೆ ಬರುತ್ತಿರಲಿಲ್ಲ. ಅವನ ಮುಖದಲ್ಲಿ ಆ ಲೆಕ್ಕ ಕೂಡುವುದು ನಿಮಗೆ ಕಾಣುತ್ತದೆ.

ಹನ್ನೆರಡು ಹದಿನೆಂಟು. ಬಾಟಲಿ, ಪೈಪಿನ ತುಂಡು, ನೀರಿನ ಲೋಟ, ಯಾರದೋ ಟಿಫಿನ್ ಡಬ್ಬಿ, ಹೀಗೆ ನೆಟ್ಟಗೆ ನಿಲ್ಲುವ ಏನನ್ನಾದರೂ ತಂದು ಮಕ್ಕಳು ಸಾಲಾಗಿ ಇಟ್ಟಿದ್ದಾರೆ. ಪೈಪಿನ ತುಂಡಿನೊಳಗೆ ಬಿಸಿಲು ನೇರ ಇಳಿದು ನೆಲದ ಮೇಲೆ ದುಂಡನೆಯ ಬೆಳಕು ಮೂಡಿದೆ. ಸುತ್ತ ಪೈಪಿನ ಅಂಚಿನದೊಂದು ಕಪ್ಪು ಬಳೆ, ಅಷ್ಟೇ. ಕಂಬದ ನೆರಳು ಕಂಬದಡಿಯಲ್ಲೇ ಅಡಗಿದೆ. "ನೆಳ್ಳು ಎಲ್ಲಿ ಹೋತು?" ಎಂದು ಕೂಗುತ್ತ ಮಕ್ಕಳು ಜಿಗಿಯತೊಡಗುತ್ತಾರೆ. ನೆಲ ಬಿಟ್ಟ ಕ್ಷಣ ಅವರವರ ನೆರಳು ಅವರವರ ಕಾಲ ಕೆಳಗೇ ತುಂಡಾಗಿ ಬೀಳುತ್ತದೆ.

ಕರ್ಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಯಾವ ಊರಿಗಾದರೂ ಇಂಥ ಶೂನ್ಯ ನೆರಳಿನ ದಿನ ವರ್ಷಕ್ಕೆ ಎರಡು ಬಾರಿ ಬರುತ್ತದೆ. ಮೇ ಮೊದಲ ವಾರದಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವ ಜಾಗ ದಿನಕ್ಕೆ ಸುಮಾರು 30 ಕಿ.ಮೀ. ಬಡಗಣಕ್ಕೆ ಸರಿಯುತ್ತದೆ. ಮಾನ್ವಿ ಇರುವುದು ಸುಮಾರು 15.98 ಡಿಗ್ರಿ ಅಕ್ಷಾಂಶದಲ್ಲಿ, ರಾಯಚೂರು 16.2ರಲ್ಲಿ, ದೇವದುರ್ಗ 16.42ರಲ್ಲಿ. ಇಂದು ಮಾನ್ವಿ, ನಾಳೆ ರಾಯಚೂರು, ನಾಡಿದ್ದು ದೇವದುರ್ಗ. ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಆಗಬಹುದು. ಸರದಿ ಮಾತ್ರ ಬದಲಾಗದು. ಈ ವಿದ್ಯಾರ್ಥಿಗಳ ಶಿಬಿರ ಅದೇ ಸರದಿಯಲ್ಲಿ ಸಾಗುತ್ತಿದೆ.

ಶಾಲೆಯ ಮಗ್ಗುಲ ಮನೆಯಿಂದ ಒಬ್ಬ ಅಜ್ಜಿ ಬಂದು ನಿಂತಿದ್ದಾಳೆ. ಅವಳಿಗೆ ಇದರಲ್ಲಿ ಆಶ್ಚರ್ಯವಿಲ್ಲ. "ಇನ್ನ ಮೂರು ತಿಂಗಳು ನಮ್ಮನಿ ಬಡಗಣ ಗ್ವಾಡಿಗೂ ಬಿಸಲು ಬೀಳತೈತಿ ಯಪ್ಪಾ" ಎನ್ನುತ್ತಾಳೆ. ಭೌತವಿಜ್ಞಾನ ಓದುವ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅಜ್ಜಿಯ ಮಾತು ಪೂರ್ತಿ ಸರಿ. ಇಂದಿನಿಂದ ಆಗಸ್ಟ್ ಮೊದಲ ವಾರ ದಾಟುವವರೆಗೆ ಮಾನ್ವಿಯ ನಡು ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಬಡಗಣಕ್ಕಿರುತ್ತಾನೆ, ನೆರಳು ತೆಂಕಣಕ್ಕೆ ಬೀಳುತ್ತದೆ. ಗೋಡೆ ನೋಡಿ ನೋಡಿ ಅವಳು ಕಂಡುಕೊಂಡದ್ದನ್ನು ಒಬ್ಬ ಹುಡುಗ ಕೂಡಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ.

ಅದೇ ಅಜ್ಜಿಯ ಇನ್ನೊಂದು ಪ್ರಶ್ನೆ: "ಗ್ರಹಣದ ದಿನಾನೂ ಹುಡುಗರ್ನ ಹಿಂಗ ಹೊರಗ ನಿಲ್ಲಸ್ತೀರೇನು?"

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಹೊತ್ತಿನಲ್ಲಿ ಕಲಬುರಗಿ ಬಳಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂತು ಕೂರಿಸಿದ್ದರು. ಗುಣವಾಗುತ್ತದೆ ಎಂಬ ಆಸೆ. ಹೆತ್ತವರ ಸಂಕಟ ದೊಡ್ಡದು, ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ಆ ಮಕ್ಕಳ ಅಳು ಕೇಳಿದ ಮೇಲೂ ವಿಜ್ಞಾನ ಓದಿದವರು ತಮ್ಮ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಕೂರುವುದು ತಪ್ಪು ಎಂದೇ ನನ್ನ ನಂಬಿಕೆ. ಭೌತವಿಜ್ಞಾನದ ಮೇಷ್ಟ್ರು ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ್ದು, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿದ್ದು ವಿಜ್ಞಾನವನ್ನು ಜನರ ನಡುವೆ ತರಬೇಕೆಂದೇ. ಆ ದಾರಿ ಮಾನ್ವಿಯವರೆಗೂ ಬರಬೇಕು.

ಹುಡುಗಿ ಅಜ್ಜಿಯನ್ನು ಬೇವಿನ ಮರದಡಿ ಕರೆದೊಯ್ಯುತ್ತಾಳೆ. ನೀವೂ ಹೋಗಿ. ಎಲೆಗಳ ಸಂದಿಯಿಂದ ಬಿದ್ದ ಬಿಸಿಲು ನೆಲದ ಮೇಲೆ ದುಂಡು ದುಂಡಾಗಿ ಹರಡಿದೆ. ಸಂದಿಗಳು ಒಂದೊಂದೂ ಒಂದೊಂದು ಆಕಾರ. ಬೆಳಕಿನ ಚುಕ್ಕೆ ಮಾತ್ರ ಎಲ್ಲವೂ ದುಂಡು. ಯಾಕೆಂದರೆ ಪ್ರತಿ ಚುಕ್ಕೆಯೂ ಸೂರ್ಯನದೇ ಬಿಂಬ. ಸಣ್ಣ ತೂತಿನ ಮೂಲಕ ಬಂದ ಬೆಳಕು ಹೊರಗಿರುವುದರ ಚಿತ್ರವನ್ನೇ ಬಿಡಿಸುತ್ತದೆ. "ಗ್ರಹಣದ ದಿನ ಇಲ್ಲೇ ಬಂದು ನಿಂದ್ರು ಅಜ್ಜಿ. ಇವೆಲ್ಲ ಚಂದ್ರನ ಗತೆ ಕುಡುಗೋಲಾಗತಾವ. ಮ್ಯಾಲ ನೋಡಬ್ಯಾಡ, ಕಣ್ಣಿಗಿ ಪೆಟ್ಟು. ನೆಲ ನೋಡು ಸಾಕು." ಅಜ್ಜಿ ಬಾಗಿ, ಅಂಗೈ ಚಾಚಿ, ಒಂದು ಬಿಂಬವನ್ನು ಕೈಯ ಮೇಲೆ ಹಿಡಿಯುತ್ತಾಳೆ.

ಮರುದಿನ ರಾಯಚೂರು. ಬಿಸಿಲೇರುವ ಮೊದಲೇ ಕೋಟೆಗೆ ಬಂದಿದ್ದೀರಿ. ಬೀದಿಯಲ್ಲಿ ಒಗ್ಗರಣಿ-ಮಿರ್ಚಿಯ ವಾಸನೆ, ಆಟೋಗಳ ಸದ್ದು. ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಮೀರಿದ ಒಂದೇ ಕಲ್ಲಿದೆ. ಅದರ ಮೇಲೆ 1294ರ ಶಾಸನ. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ ರೆಡ್ಡಿ ಈ ಕೋಟೆ ಕಟ್ಟಿಸಿದ. ವಿಠ್ಠಲನಾಥನೆಂಬ ದಂಡನಾಯಕನ ಹೆಸರು ಶಾಸನದಲ್ಲಿದೆ. ರಾಯಚೂರಿನ ಮಕ್ಕಳು ಈ ಕಲ್ಲಿನ ಮುಂದೆ ಓಡಾಡಿಯೇ ಬೆಳೆದವರು. ಆದರೆ ಇಂದು ಅವರನ್ನು ನಿಲ್ಲಿಸಿ ತೋರಿಸುತ್ತಿರುವುದು ಅಕ್ಷರಗಳನ್ನಲ್ಲ, ಚಿತ್ರವನ್ನು. ಆ ಕಲ್ಲನ್ನು ಇಲ್ಲಿಗೆ ಹೇಗೆ ತಂದರೆಂದು ಅಂದಿನವರೇ ಕೊರೆದಿಟ್ಟಿದ್ದಾರೆ: ಗಟ್ಟಿ ಗಾಲಿಯ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಕೋಣಗಳ ಉದ್ದ ಸಾಲು, ಹುರಿದುಂಬಿಸುವ ಆಳುಗಳು. ಬಂಡಿಯ ಹಿಂದೆ ಗಾಲಿಗೆ ಮರದ ದೊಣ್ಣೆ ಕೊಟ್ಟು ಮೀಟುತ್ತಿರುವವರು.

"ಹಿಂದಿನವ್ರು ಏನ್ ಮಾಡಾಕತ್ತಾರ ಹೇಳ್ರಿ?"

"ನೂಕಾಕತ್ತಾರ."

"ನೂಕೋದಾದ್ರ ಕೈಲೇ ನೂಕಬೌದಿತ್ತಲ್ಲ? ದೊಣ್ಣಿ ಯಾಕ?"

ಉತ್ತರ ಹುಡುಕಲು ಎಲ್ಲರೂ ಕೋಟೆಯ ಹೊರಗಿನ ಬಯಲಿಗೆ ಹೋಗುತ್ತಾರೆ. ಕೋಟೆಯ ಕಲ್ಲನ್ನು ಯಾರೂ ಮುಟ್ಟುವಂತಿಲ್ಲ, ಅದನ್ನು ಶಿಬಿರದ ಹುಡುಗರು ಮೊದಲೇ ಹೇಳಿದ್ದಾರೆ. ಬಯಲಿನಲ್ಲಿ ಬಿದ್ದಿರುವ ಒಂದು ದೊಡ್ಡ ಗುಂಡನ್ನು ನಾಲ್ಕು ಹುಡುಗರು ಸೇರಿ ಎತ್ತಲು ನೋಡುತ್ತಾರೆ, ಅದು ಮಿಸುಕುವುದಿಲ್ಲ. ಆಮೇಲೆ ಐದಡಿಯ ಹಾರಿ ಬರುತ್ತದೆ. ಗುಂಡಿನ ಅಡಿಗೆ ಹಾರಿಯ ತುದಿ, ಅಲ್ಲಿಂದ ಅರ್ಧ ಅಡಿ ಹಿಂದಕ್ಕೆ ಆನಿಸಲು ಒಂದು ಸಣ್ಣ ಕಲ್ಲು. ಮೂವತ್ತು ಕಿಲೋ ತೂಗುವ ಹುಡುಗಿಯೊಬ್ಬಳು ಇನ್ನೊಂದು ತುದಿಗೆ ತನ್ನ ಭಾರ ಹಾಕುತ್ತಾಳೆ. ಗುಂಡು ಎದ್ದು ಪಕ್ಕಕ್ಕೆ ಉರುಳುತ್ತದೆ. ಈ ಕಡೆ ನಾಲ್ಕೂವರೆ ಅಡಿ, ಆ ಕಡೆ ಅರ್ಧ ಅಡಿ, ಒಂದಕ್ಕೆ ಒಂಬತ್ತು. ಅವಳ ಮೂವತ್ತು ಕಿಲೋ ಅಲ್ಲಿ ಇನ್ನೂರ ಎಪ್ಪತ್ತು ಕಿಲೋ ಆಗಿದೆ. ಆನಿಕೆಯ ಕಲ್ಲನ್ನು ಹಾರಿಯ ನಡುವಿಗೆ ಸರಿಸಿ ಮತ್ತೆ ಮಾಡಲು ಹೇಳುತ್ತಾರೆ. ಈಗ ಎಷ್ಟು ತೂಗಿದರೂ ಗುಂಡು ಏಳದು. ಸನ್ನೆಯ ಸೂತ್ರವನ್ನು ಯಾರೂ ಹಲಗೆಯ ಮೇಲೆ ಬರೆದಿಲ್ಲ, ಆದರೆ ಅದು ಆ ಹುಡುಗಿಯ ತೋಳಿಗೆ ಗೊತ್ತಾಗಿದೆ.

ಏಳುನೂರು ವರ್ಷದ ಹಿಂದೆ ದೊಣ್ಣೆ ಹಿಡಿದು ಗಾಲಿ ಮೀಟಿದವರ ಹೆಸರು ಶಾಸನದಲ್ಲಿಲ್ಲ. ಚಿತ್ರದಲ್ಲಿ ಅವರ ಕೆಲಸ ಮಾತ್ರ ಉಳಿದಿದೆ. ಭೌತವಿಜ್ಞಾನವನ್ನು ದುಡಿಯುವ ಕೈಗಳಿಂದ ಬೇರೆ ಮಾಡಿ ಪುಸ್ತಕದಲ್ಲಿ ಇಟ್ಟಿದ್ದರಿಂದಲೇ ನಮ್ಮ ಮಕ್ಕಳಿಗೆ ಅದು ಪರರ ಸೊತ್ತಿನಂತೆ ಕಾಣುತ್ತದೆ. ಈ ಊರಲ್ಲಿ ಅದನ್ನು ತಿರುಗಿ ಕೂಡಿಸಲು ಕೋಟೆಯ ಗೋಡೆಯೇ ಸಾಕು.

ಹನ್ನೆರಡು ಹದಿನೇಳಕ್ಕೆ ರಾಯಚೂರಿನಲ್ಲೂ ನೆರಳು ಹೋಯಿತು. ಸಂಜೆ ಹಾಸ್ಟೆಲೊಂದರ ಕೋಣೆ. ಮೋಟರ್ ರಿವೈಂಡಿಂಗ್ ಅಂಗಡಿಯಿಂದ ತಂದ ತೆಳು ತಾಮ್ರದ ತಂತಿಯನ್ನು ಮಕ್ಕಳು ಸಣ್ಣ ಪೈಪಿಗೆ ಸುತ್ತುತ್ತಿದ್ದಾರೆ. ನೂರು, ಇನ್ನೂರು, ಮುನ್ನೂರು. ಎಣಿಕೆ ತಪ್ಪಿದವರು ಮತ್ತೆ ಮೊದಲಿನಿಂದ. ಪಂಪ್‌ಸೆಟ್ಟಿನ ಮೋಟರು ಸುಟ್ಟು ಬೆಳೆ ಒಣಗಿದ್ದನ್ನು ಕಂಡ ಮಕ್ಕಳಿವರು. ಸುಟ್ಟ ಮೋಟರಿನ ಒಳಗೆ ಏನಿರುತ್ತದೆಂದು ಇವತ್ತು ಕೈಯಲ್ಲೇ ಹಿಡಿದಿದ್ದಾರೆ. ಸುತ್ತಿದ ಮೇಲೆ ತಂತಿಯ ಎರಡು ತುದಿಯ ಬಣ್ಣವನ್ನು ಬ್ಲೇಡಿನಿಂದ ಕೆರೆದು, ಒಂದು ಕೆಂಪು, ಒಂದು ಹಸಿರು ಎಲ್‌ಇಡಿ ದೀಪವನ್ನು ಒಂದಕ್ಕೊಂದು ತಿರುಗುಮುರುಗಾಗಿ ಕೂಡಿಸುತ್ತಾರೆ. ಬ್ಯಾಟರಿ ಇಲ್ಲ, ಪ್ಲಗ್ ಇಲ್ಲ. ಕೋಣೆಯ ದೀಪ ಆರಿಸಿ, ಪೈಪಿನೊಳಗೆ ಬಲವಾದ ಅಯಸ್ಕಾಂತವನ್ನು ಬೀಳಿಸಿದಾಗ, ಅದು ಒಳಹೋಗುವಾಗ ಕೆಂಪು ಮಿಂಚುತ್ತದೆ, ಹೊರಬರುವಾಗ ಹಸಿರು.

ಕತ್ತಲಲ್ಲಿ ಒಮ್ಮೆಲೇ ಎದ್ದ ಕೂಗು ನಿಮ್ಮ ಕಿವಿಯಲ್ಲಿ ತುಂಬ ಹೊತ್ತು ಉಳಿಯುತ್ತದೆ.

1831ರಲ್ಲಿ ಮೈಕೆಲ್ ಫ್ಯಾರಡೆ ಕಂಡದ್ದು ಇದೇ: ಸುರುಳಿಯ ಬಳಿ ಅಯಸ್ಕಾಂತ ಚಲಿಸಿದರೆ ವಿದ್ಯುತ್ ಹುಟ್ಟುತ್ತದೆ, ನಿಂತರೆ ಇಲ್ಲ. ಎರಡು ಬಣ್ಣ ಯಾಕೆ ಎಂಬ ಪ್ರಶ್ನೆಗೆ ಉತ್ತರ ಶಕ್ತಿನಗರದಲ್ಲಿದೆ. ಅಲ್ಲಿ ಕೃಷ್ಣೆಯ ದಡದಲ್ಲಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ 1985ರಿಂದ ಕರೆಂಟು ಕೊಡುತ್ತಿದೆ. ಎಂಟು ಘಟಕ, ಒಟ್ಟು 1,720 ಮೆಗಾವಾಟ್. ಕಲ್ಲಿದ್ದಲು ಉರಿಸಿ, ನೀರು ಕಾಯಿಸಿ, ಹಬೆಯಿಂದ ಚಕ್ರ ತಿರುಗಿಸಿ, ಕೊನೆಗೆ ಅಲ್ಲಿ ನಡೆಯುವುದೂ ಸುರುಳಿಯೊಳಗೆ ಅಯಸ್ಕಾಂತ ತಿರುಗುವ ಕೆಲಸವೇ. ನಿಮಿಷಕ್ಕೆ 3,000 ಸುತ್ತು, ಅಂದರೆ ಸೆಕೆಂಡಿಗೆ 50. ಪ್ರತಿ ಸುತ್ತಿಗೂ ವಿದ್ಯುತ್ತಿನ ದಿಕ್ಕು ಹೀಗೊಮ್ಮೆ ಹಾಗೊಮ್ಮೆ ಬದಲಾಗುತ್ತದೆ, ಇಲ್ಲಿ ಕೆಂಪು ಹಸಿರು ಬದಲಾದಂತೆ. ಆ ಕೇಂದ್ರದ ಹೊಗೆಯನ್ನು ದಿನಾ ನೋಡುವ ಮಕ್ಕಳಿಗೆ ಅದರ ಒಳಗಿನ ಸಂಗತಿಯನ್ನು ಹೇಳದೆ ಬಿಡುವುದು ಅನ್ಯಾಯ.

ಸುರುಳಿ ಸುತ್ತಿಸುತ್ತಿದ್ದ ಬಿ.ಎಸ್ಸಿ. ಹುಡುಗನೊಬ್ಬ ಮೆಲ್ಲಗೆ ನಿಮಗೆ ಹೇಳುತ್ತಾನೆ: "ಇದನ್ನ ನಾನೂ ಕೈಯಾರೆ ಮಾಡಿದ್ದು ಇದೇ ಮೊದಲ್ರಿ. ಪರೀಕ್ಷಾದಾಗ ಚಿತ್ರ ಬರದೀನಿ, ಹತ್ತು ಮಾರ್ಕ್ಸಿಂದು." ಕಲಿಸಲು ಹೊರಟಾಗಲೇ ಅವನು ಕಲಿತದ್ದು. ಇಂಥ ಸೇವೆಯಲ್ಲಿ ಕೊಡುವವರು ಯಾರು, ಪಡೆಯುವವರು ಯಾರು ಎಂದು ಬೇರ್ಪಡಿಸುವುದು ಕಷ್ಟ.

ಮೇ 6. ದೇವದುರ್ಗದ ಬಸ್ಸು. ಕಿಟಕಿಯ ಗಾಳಿ ಬೆಂಕಿಯಂತಿದೆ. ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳಿಂದ. "ನನಗಲ್ಲ, ನಿನಗೆ" ಎಂಬುದು ಅದರ ಧ್ಯೇಯವಾಕ್ಯ. ಗಿಡ ನೆಡುವುದು, ಚರಂಡಿ ಬಳಿಯುವುದು, ಆರೋಗ್ಯ ತಪಾಸಣೆ ಎಲ್ಲವೂ ಒಳ್ಳೆಯ ಕೆಲಸವೇ. ಆದರೆ ವಿಜ್ಞಾನದ ವಿದ್ಯಾರ್ಥಿ ತನಗೆ ಬರುವ ವಿದ್ಯೆಯನ್ನೇ ಹಂಚಿದರೆ ಅದಕ್ಕಿಂತ ದೊಡ್ಡ ಶ್ರಮದಾನ ಯಾವುದು?

ದೇವದುರ್ಗದ ಹೆಸರು ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಹಿಂದುಳಿದ ತಾಲ್ಲೂಕೆಂದು. 2002ರ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಇದನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿಟ್ಟಿತು. ಇಲ್ಲಿಂದ ಜನ ಗುಳೆ ಹೋಗುತ್ತಾರೆ. ಬೆಂಗಳೂರಿನ ಎಷ್ಟೋ ಕಟ್ಟಡಗಳು ಎದ್ದಿರುವುದು ಈ ಭಾಗದವರ ಹೆಗಲ ಮೇಲೆ. ಇವತ್ತು ಶಾಲೆಯ ಅಂಗಳದಲ್ಲಿ ಸೇರಿದ ಮಕ್ಕಳಲ್ಲಿ ಹಲವರು ಅಜ್ಜ-ಅಜ್ಜಿಯರ ಜೊತೆ ಇರುವವರು. ಶಿಬಿರದ ಹುಡುಗರು ಮೊದಲೇ ಒಂದು ಮಾತು ಕೇಳಿದ್ದರು: "ಯಾರ ಅಪ್ಪ ಬೆಂಗಳೂರಾಗ ಗೌಂಡಿ ಕೆಲಸಕ್ಕ ಹೋಗ್ಯಾರ?" ಅಂಥ ಪ್ರಶ್ನೆಗೆ ಸಾಮಾನ್ಯವಾಗಿ ತಲೆ ತಗ್ಗುತ್ತದೆ. ಈ ಬಾರಿ ಕೈಗಳು ಮೇಲೆದ್ದವು, ಯಾಕೆಂದರೆ ಕೇಳಿದವರಿಗೆ ಆ ಅಪ್ಪಂದಿರ ಸಹಾಯ ಬೇಕಿತ್ತು.

ಈಗ ಹನ್ನೆರಡು ಹದಿನೈದು. ಒಂದು ಫೋನನ್ನು ಸ್ಪೀಕರಿಗೆ ಹಾಕಿ ಬೆಂಚಿನ ಮೇಲೆ ಇಟ್ಟಿದ್ದಾರೆ. ಎಂಟನೇ ತರಗತಿಯ ಹುಡುಗಿ ಅದರ ಮುಂದೆ ಕೂತಿದ್ದಾಳೆ. ಬೆಂಗಳೂರು ಹೆಚ್ಚುಕಡಿಮೆ ದೇವದುರ್ಗದ ನೇರ ತೆಂಕಣಕ್ಕಿದೆ. ಅಲ್ಲಿ ನಡು ಮಧ್ಯಾಹ್ನವಾಗುವುದು 12.16ಕ್ಕೆ, ಇಲ್ಲಿ 12.19ಕ್ಕೆ.

"ಅಪ್ಪಾ, ಸರಳು ನಿಲ್ಲಿಸೀ ಏನು?"

"ಸ್ಲ್ಯಾಬ್ ಮ್ಯಾಲ ಅದೀನಿ ಯವ್ವಾ. ಮೀಟರ್ ಸರಳು ನಿಲ್ಲಿಸೀನಿ. ತೂಕದ ಗುಂಡು ಬಿಟ್ಟು ನೋಡೀನಿ, ನೆಟ್ಟಗ ಐತಿ. ಬುಡಾನೂ ಮಟ್ಟ ಐತಿ."

ದಾರದ ತುದಿಗೆ ಗುಂಡು ಕಟ್ಟಿ ಗೋಡೆಯ ನೇರ ನೋಡುವುದು ಗೌಂಡಿಯ ದಿನದ ಕೆಲಸ. ಕಾಲೇಜಿನ ಹುಡುಗರಿಗೆ ಕೋಲು ನೆಟ್ಟಗೆ ನಿಲ್ಲಿಸಲು ಕಾಲು ಗಂಟೆ ಹಿಡಿದಿತ್ತು.

"ನೆಳ್ಳು ಐತೇನು?"

"ಐತಿ. ತೆಂಕಣಕ್ಕ ಬಿದ್ದೈತಿ. ಟೇಪು ಹಿಡದೀನಿ, ತಡಿ. ಆರು ಸೆಂಟಿಮೀಟರ್ ಮ್ಯಾಲ ಒಂದ್ ಗೆರಿ. ತುದಿ ಸ್ವಲ್ಪ ಮಾಸಲು ಐತಿ ನೋಡು."

ಸುತ್ತ ಗದ್ದಲ. ಮೂರು ನಿಮಿಷ ಕಳೆದು ಇಲ್ಲಿನ ಕೋಲು ನೋಡುತ್ತೀರಿ: ನೆರಳಿಲ್ಲ. ಅದೇ ಸೂರ್ಯ, ಅಷ್ಟೇ ಉದ್ದದ ಕೋಲು, ಒಂದೇ ಮಧ್ಯಾಹ್ನ. ಇಲ್ಲಿ ಸೊನ್ನೆ, ಅಲ್ಲಿ ಆರು ಸೆಂಟಿಮೀಟರು ಒಂದು ಮಿಲಿಮೀಟರು. ಎರಡು ಕೋಲುಗಳೂ ನೆಟ್ಟಗೆ ಇವೆ ಎಂದು ಗುಂಡು ಹೇಳಿದೆ. ಹಾಗಿದ್ದರೆ ನೆಲವೇ ಬಾಗಿರಬೇಕು.

ಇದನ್ನು ಅರಗಿಸಿಕೊಳ್ಳಲು ಮಕ್ಕಳಿಗೆ ಸಮಯ ಕೊಡಬೇಕು, ಕೊಡುತ್ತಾರೆ. ಒಬ್ಬ ಹುಡುಗ ದೊಡ್ಡ ಕಲ್ಲಂಗಡಿಗೆ ಎರಡು ಬೆಂಕಿಕಡ್ಡಿ ಚುಚ್ಚಿ ಬಿಸಿಲಿಗೆ ಹಿಡಿದು ತೋರಿಸುತ್ತಾನೆ. ಒಂದು ಕಡ್ಡಿಯ ನೆರಳು ಹೋಗುವಂತೆ ಹಿಡಿದರೆ ಇನ್ನೊಂದರದು ಉಳಿಯುತ್ತದೆ. ಎರಡೂ ಊರಿನ ಗುಂಡಿನ ದಾರವನ್ನು ಮನಸ್ಸಿನಲ್ಲೇ ಕೆಳಕ್ಕೆ, ಕೆಳಕ್ಕೆ ಎಳೆಯುತ್ತ ಹೋದರೆ ಅವು ಭೂಮಿಯ ನಟ್ಟನಡುವೆ ಕೂಡುತ್ತವೆ. ನೆರಳಿಗೂ ಕೋಲಿಗೂ ಎಷ್ಟು ಪಾಲೋ, ಎರಡು ಊರಿನ ನಡುವಿನ ದೂರಕ್ಕೂ ಭೂಮಿಯ ತ್ರಿಜ್ಯಕ್ಕೂ ಅಷ್ಟೇ ಪಾಲು. ಗೋಡೆಯ ಭೂಪಟದ ಮೇಲೆ ಸ್ಕೇಲು ಇಟ್ಟು ತೆಂಕಣ-ಬಡಗಣ ದೂರ ಅಳೆದರೆ ಸುಮಾರು 380 ಕಿ.ಮೀ. ಅದನ್ನು ಸಾವಿರದಿಂದ ಗುಣಿಸಿ ಅರವತ್ತೊಂದರಿಂದ ಭಾಗಿಸಬೇಕು. ಫೋನಿನ ಹುಡುಗಿಯೇ ಹಲಗೆಯ ಮೇಲೆ ಭಾಗಾಕಾರ ಮಾಡುತ್ತಾಳೆ. ಉತ್ತರ: 6,230 ಕಿ.ಮೀ.

ಪುಸ್ತಕ ತೆಗೆದು ನೋಡುತ್ತಾರೆ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚಿನ ವ್ಯತ್ಯಾಸ. ಎಲ್ಲಿ ತಪ್ಪಿರಬಹುದೆಂದು ಕೂತು ಯೋಚಿಸುತ್ತಾರೆ: ಸೂರ್ಯ ಚುಕ್ಕೆಯಲ್ಲ, ಬಿಲ್ಲೆ, ಅದಕ್ಕೇ ನೆರಳಿನ ತುದಿ ಮಾಸಲು. ಮೀಟರ್ ಕೋಲಿಗೆ ಆ ಮಾಸಲು ಅಂಚೇ ಸುಮಾರು ಒಂಬತ್ತು ಮಿಲಿಮೀಟರ್ ಅಗಲ. ಭೂಪಟದ ಅಳತೆಯೂ ಅಂದಾಜಿನದು. ಇಷ್ಟಿದ್ದೂ ಒಂದು ಸರಳು, ಒಂದು ಗುಂಡು, ಒಂದು ಟೇಪು, ಒಂದು ಫೋನು ಸೇರಿ ಭೂಮಿಯನ್ನು ಅಳೆದಿವೆ. ಸುಮಾರು 2,200 ವರ್ಷದ ಹಿಂದೆ ಈಜಿಪ್ಟಿನಲ್ಲಿ ಎರಟೊಸ್ತನೀಸ್ ಅಲೆಕ್ಸಾಂಡ್ರಿಯ ಮತ್ತು ಸಯೀನ್ ಎಂಬ ಎರಡು ಊರುಗಳ ನೆರಳಿನಿಂದ ಮಾಡಿದ್ದೂ ಇದೇ ಲೆಕ್ಕ.

"ಅಪ್ಪಾ, ಭೂಮಿ ಎಷ್ಟು ದೊಡ್ಡದೈತಿ ಅಂತ ಸಿಕ್ಕಿತು. ನಿನ್ನ ಟೇಪಿನ್ಯಾಗ ಸಿಕ್ಕಿತು."

ಆ ಕಡೆಯಿಂದ ಕಾಂಕ್ರೀಟ್ ಮಿಕ್ಸರಿನ ಸದ್ದು, ಯಾರೋ ಕರೆಯುವ ಕೂಗು. "ಬರೆದಿಡು ಯವ್ವಾ, ಊರಿಗಿ ಬಂದಾಗ ತೋರಸು" ಎಂದು ಫೋನು ನಿಲ್ಲುತ್ತದೆ. ಹುಡುಗಿ ಹಲಗೆಯ ಲೆಕ್ಕವನ್ನು ನೋಟ್‌ಬುಕ್ಕಿಗೆ ಇಳಿಸುತ್ತಾಳೆ. ಮೇಲೆ ತಾರೀಖು, ಕೆಳಗೆ ಅಳತೆ ಮಾಡಿದವರ ಹೆಸರು: ಮೊದಲು ಅಪ್ಪನದು, ಆಮೇಲೆ ತನ್ನದು.

ಈ ಕೆಲಸಕ್ಕೆ ದೊಡ್ಡ ಅನುದಾನ ಬೇಡ. ಸಾಮಗ್ರಿ ಎಲ್ಲ ಊರಲ್ಲೇ ಇದೆ: ಬಿಸಿಲು ಇದೆ, ಹಾರಿ ಇದೆ, ರಿವೈಂಡಿಂಗ್ ಅಂಗಡಿಯ ತಂತಿ ಇದೆ, ಗೌಂಡಿಯ ಗುಂಡು ಇದೆ. ಬೇಕಾದದ್ದು ಬಂದು ಕೇಳುವವರು, ಕೇಳಿ ಉತ್ತರಕ್ಕೆ ಕಾಯುವವರು. ರಾಯಚೂರು ಜಿಲ್ಲೆಯ ಪ್ರತಿ ವಿಜ್ಞಾನ ಕಾಲೇಜೂ ವರ್ಷಕ್ಕೆ ಒಂದು ಶಿಬಿರವನ್ನು ಇದಕ್ಕೆ ಮೀಸಲಿಡಬಹುದು.

ಮೇ ತಪ್ಪಿದರೆ ಆಗಸ್ಟ್ ಇದೆ. ಆಗ ಸೂರ್ಯ ತೆಂಕಣಕ್ಕೆ ಮರಳುವ ದಾರಿಯಲ್ಲಿರುತ್ತಾನೆ, ಊರುಗಳ ಸರದಿ ತಿರುಗುಮುರುಗು: ಆಗಸ್ಟ್ 7ರ ಸುಮಾರಿಗೆ ದೇವದುರ್ಗ, 8ಕ್ಕೆ ರಾಯಚೂರು, 9ರ ಆಸುಪಾಸು ಮಾನ್ವಿ. ರಾಯಚೂರಿನಲ್ಲಿ ನಡು ಮಧ್ಯಾಹ್ನ 12.26ಕ್ಕೆ. ಮೋಡ ಅಡ್ಡ ಬರಬಹುದು, ಆದರೆ ಶಾಲೆಗಳು ತೆರೆದಿರುತ್ತವೆ, ಎಲ್ಲ ಮಕ್ಕಳೂ ಸಿಗುತ್ತಾರೆ. ಒಂದು ಮೀಟರಿನ ಕೋಲು ನೆಟ್ಟಗೆ ನಿಲ್ಲಿಸಿ. ಬೆಂಗಳೂರಿನಲ್ಲಿ ದುಡಿಯುವ ನಿಮ್ಮೂರಿನವರಿಗೆ ಹಿಂದಿನ ದಿನವೇ ಫೋನು ಮಾಡಿ ಹೇಳಿಡಿ.